ಯಾರದೋ ಅಂಗಳದಲ್ಲಿ ಬುತ್ತಿ

ಕಾರವಾರದ ಸುತ್ತ ನೋಡಬೇಕಾದ ಜಾಗಗಳ ಪಟ್ಟಿ ಎಲ್ಲರಿಗೂ ಬಾಯಿಪಾಠ. ಟಾಗೋರ್ ಕಡಲತೀರ, ದೇವಬಾಗ, ಸದಾಶಿವಗಡ, ಕೂರ್ಮಗಡ. ಘಟ್ಟ ಹತ್ತಿದರೆ ಅಣಶಿ ರಾಷ್ಟ್ರೀಯ ಉದ್ಯಾನ, ಇನ್ನೂ ಒಳಗೆ ಹೋದರೆ ಉಳವಿ, ದಾಂಡೇಲಿ. ಈ ಪಟ್ಟಿ ಹಿಡಿದು ನಾನೂ ತಿರುಗಿದವನೇ. ಆದರೆ ಈ ಜಾಗಗಳ ಇತಿಹಾಸ ಓದತೊಡಗಿದ ಮೇಲೆ ಒಂದು ಪ್ರಶ್ನೆ ಬೆನ್ನು ಬಿಡುತ್ತಿಲ್ಲ. ನಮ್ಮ ಪಿಕ್ನಿಕ್ಕಿಗೆ ಇವು ಇಷ್ಟು ಖಾಲಿಯಾಗಿ, ಇಷ್ಟು ಚೆಂದವಾಗಿ ಸಿಕ್ಕದ್ದು ಹೇಗೆ?

ಈ ಊರಿನ ಅತ್ಯಂತ ಪ್ರಸಿದ್ಧ ಪಿಕ್ನಿಕ್ಕಿನಿಂದಲೇ ಶುರುಮಾಡೋಣ. 1883ರಲ್ಲಿ ರವೀಂದ್ರನಾಥ ಟಾಗೋರ್ ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೆರಡು ವರ್ಷ. ಐಸಿಎಸ್ ಸೇರಿದ ಮೊದಲ ಭಾರತೀಯರಾದ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋದದ್ದನ್ನು ಟಾಗೋರ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ದಡದ ಹಳೆಯ ಗಿರಿದುರ್ಗವೊಂದರ ಬಳಿ ಇಳಿದು, ಒಬ್ಬ ರೈತನ ಗುಡಿಸಿದ ಅಂಗಳದಲ್ಲಿ ಕೂತು, ಜೊತೆಗೆ ಒಯ್ದ ಬುತ್ತಿಯನ್ನು ಉಂಡರಂತೆ. ಆ ದಿನಗಳ ಗುಂಗಿನಲ್ಲೇ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿತು. ಕಡಲತೀರಕ್ಕೆ ಅವರ ಹೆಸರು ಬಂತು. ಅಂಗಳದ ಯಜಮಾನನ ಹೆಸರು ಮಾತ್ರ ನಮಗೆ ಉಳಿದಿಲ್ಲ. ಕಾರವಾರದ ಸುತ್ತಲಿನ ಚರಿತ್ರೆಯನ್ನು ಆ ಅಂಗಳದ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂಬುದೇ ನನ್ನ ಕುತೂಹಲ.

ಮೊದಲು ಕಡಲತೀರ. ಇದು ಕವಿಗಳಿಗೆಂದು ಕಾದಿಟ್ಟ ದಂಡೆಯಲ್ಲ. 17ನೇ ಶತಮಾನದಲ್ಲೇ ಇಂಗ್ಲಿಷರು ಮೆಣಸಿಗಾಗಿ, ಬಟ್ಟೆಗಾಗಿ ಇಲ್ಲಿ ಕೋಠಿ ತೆರೆದಿದ್ದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದಾಗ ಕಾರವಾರವೇ ಜಿಲ್ಲಾಕೇಂದ್ರವಾಯಿತು. ಇದರ ಹಿಂದೆ ಹತ್ತಿಯ ವ್ಯಾಪಾರವಿತ್ತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ, ಧಾರವಾಡದ ಹತ್ತಿಯನ್ನು ಹಡಗಿಗೇರಿಸಲು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿರದ ಬಂದರು ಬೇಕಿತ್ತು. ಆದರೆ 1880ರ ದಶಕದ ಕೊನೆಗೆ ರೈಲು ಗೋವೆಯ ಮುರಗಾಂವ ಬಂದರಿಗೆ ಹೋಯಿತು, ವ್ಯಾಪಾರವೂ ಅದರ ಹಿಂದೆಯೇ ಹೋಯಿತು. ದೊಡ್ಡ ಬಂದರಾಗುವ ಕನಸು ಮುರಿದದ್ದರಿಂದಲೇ ಈ ಮರಳದಂಡೆ ಬಹುಕಾಲ ರಂಪಣಿ ಬಲೆ ಎಳೆಯುವ ಮೀನುಗಾರರ ಪಾಲಿಗೆ ಉಳಿಯಿತು.

ಕಾಡಿನ ಕತೆ ಇದಕ್ಕಿಂತ ಉದ್ದ. ಘಟ್ಟದ ಮೇಲಿನ ಜೋಯಿಡಾ ಸೀಮೆ ಜನವಿಲ್ಲದ ಅಡವಿಯಾಗಿರಲಿಲ್ಲ. ಕಲ್ಯಾಣದ ಕ್ರಾಂತಿಯ ನಂತರ ಚೆನ್ನಬಸವಣ್ಣನವರೊಂದಿಗೆ ಶರಣರು ಬಂದು ಸೇರಿದ್ದು ಇದೇ ಕಾಡಿನ ಉಳವಿಗೆ ಎಂಬುದು ಪರಂಪರೆಯ ನಂಬಿಕೆ. ಇಲ್ಲಿನ ಕುಣಬಿಗಳು ಕಾಡಿನ ತುಂಡೊಂದನ್ನು ಸವರಿ, ಸುಟ್ಟು, ರಾಗಿ ಬೆಳೆದು, ಮತ್ತೆ ಅದನ್ನು ಕಾಡಿಗೇ ಬಿಟ್ಟು ಮುಂದೆ ಹೋಗುವ ಕುಮರಿ ಬೇಸಾಯ ಮಾಡುತ್ತಿದ್ದರು. ಹಡಗಿಗೂ ರೈಲಿಗೂ ತೇಗ ಬೇಕಾದಾಗ ಬ್ರಿಟಿಷ್ ಸರಕಾರದ ಕಣ್ಣಿಗೆ ಈ ಕುಮರಿ ಕಾಡಿನ ಶತ್ರುವಾಗಿ ಕಂಡಿತು. 19ನೇ ಶತಮಾನದ ನಡುವಿನಿಂದ ಒಂದೊಂದೇ ನಿರ್ಬಂಧ ಬಂದವು. ಅದೇ ಕಾಡಿನಿಂದ ಸರಕಾರ ಮರ ಸಾಗಿಸುವುದು ನಡೆದೇ ಇತ್ತು.

ಸ್ವಾತಂತ್ರ್ಯದ ನಂತರ 1956ರಲ್ಲಿ ದಾಂಡೇಲಿ ವನ್ಯಧಾಮವಾಯಿತು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಕರಿಚಿರತೆ, ಮಂಗಟ್ಟೆ ಹಕ್ಕಿ ಉಳಿದಿವೆಯೆಂದರೆ ಈ ರಕ್ಷಣೆಯ ಪಾಲು ದೊಡ್ಡದು. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಅದೇ ಕಾಲದಲ್ಲಿ ಅದೇ ನದಿಗೆ ಏನಾಯಿತು ನೋಡಿ. ಸೂಪಾ ಅಣೆಕಟ್ಟಿನಲ್ಲಿ ಸೂಪಾ ಎಂಬ ತಾಲ್ಲೂಕು ಪಟ್ಟಣವೇ ಮುಳುಗಿತು, ಕಚೇರಿಗಳು ಜೋಯಿಡಾಕ್ಕೆ ಬಂದವು, ಜನರು ರಾಮನಗರಕ್ಕೆ ಹೋದರು. ಕೆಳಗೆ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಎದ್ದವು, ಅವುಗಳ ನಡುವೆ ಕೈಗಾ ಅಣುಸ್ಥಾವರ ಬಂತು. ಕೈಗಾವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಈ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಇಂದು ಕದ್ರಾದ ಹಿನ್ನೀರಿನ ಎದುರು ಕಾರು ನಿಲ್ಲಿಸಿ ಫೋಟೊ ತೆಗೆಯುವವರಿಗೆ ಅದು ಮುಳುಗಡೆಯ ನೀರು ಎಂದು ಹೇಳುವ ಫಲಕ ನನಗಂತೂ ಕಂಡಿಲ್ಲ.

ಉಳಿದ ಹಳ್ಳಿಗಳ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಹುಲಿ ಪ್ರದೇಶದ ಒಳಗಿನ ಕುಟುಂಬಗಳಿಗೆ ಪರಿಹಾರ ಪಡೆದು ಹೊರಹೋಗುವ ದಾರಿ ಇದೆ. ಅಲ್ಲೇ ಇರುತ್ತೇವೆ ಎನ್ನುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಬಾಳಿದ್ದಕ್ಕೆ ಸಾಕ್ಷಿ ತೋರಿಸಬೇಕು. ಗಡಿಯಾಚೆ ಗೋವೆಯಲ್ಲಿ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡದವರು. ಜೋಯಿಡಾದ ಕುಣಬಿಗಳು ಆ ಮಾನ್ಯತೆಯನ್ನು ಇನ್ನೂ ಕೇಳುತ್ತಲೇ ಇದ್ದಾರೆ. ಕುಮರಿಯ ಜಾಗ ಬದಲಿಸುತ್ತ ಬಾಳಿದವರ ಮನೆಯಲ್ಲಿ ಮುಕ್ಕಾಲು ಶತಮಾನದ ಕಾಗದ ಎಲ್ಲಿಂದ ಬರಬೇಕು?

ಮತ್ತೆ ಘಟ್ಟ ಇಳಿದು ಕಡಲಿಗೆ ಬರೋಣ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಊರಿನ ದಕ್ಷಿಣಕ್ಕೆ ಅಂಕೋಲೆಯವರೆಗಿನ ಹಲವು ಹಳ್ಳಿಗಳು, ಅವುಗಳ ಮರಳದಂಡೆಗಳು ನೌಕಾಪಡೆಗೆ ಹೋದವು. ದೇಶದ ರಕ್ಷಣೆಗೆ ಎಂದು ಜನ ಬಿಟ್ಟುಕೊಟ್ಟರು. ಹೀಗಾಗಿ ಟಾಗೋರ್ ತೀರದ ಬೆಲೆ ಮೀನುಗಾರರಿಗೆ ಇನ್ನೂ ಹೆಚ್ಚಿತು. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ಬಂದರು ವಿಸ್ತರಣೆಯ ಕೆಲಸ ಈ ತೀರಕ್ಕೇ ಬಂದಾಗ ಮೀನುಗಾರರು ಬೀದಿಗಿಳಿದರು, ಹೆಂಗಸರು ಕಡಲಿಗೇ ಇಳಿದರು, ಕೊನೆಗೆ ಹೈಕೋರ್ಟು ತಡೆ ಕೊಟ್ಟಿತು. ನಮಗೆ ಅದು ಟಾಗೋರರ ತೀರ. ಅವರಿಗೆ ದೋಣಿ ಎಳೆದಿಡುವ, ಮೀನು ಒಣಗಿಸುವ ಜಾಗ.

ಪಿಕ್ನಿಕ್ಕನ್ನೇ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ತಿರುಗಾಟ ನಮಗೆ ಹೊಸದೇನೂ ಅಲ್ಲ. ಕಾರ್ತಿಕದಲ್ಲಿ ನೆಲ್ಲಿಮರದ ಕೆಳಗೆ ವನಭೋಜನ ಮಾಡಿದವರು ನಾವು. ಪುಷ್ಯ ಹುಣ್ಣಿಮೆಗೆ ಮೀನುಗಾರರ ದೋಣಿಗಳು ಜನರನ್ನು ತುಂಬಿಕೊಂಡು ಕೂರ್ಮಗಡದ ನರಸಿಂಹನ ಜಾತ್ರೆಗೆ ಹೋಗುತ್ತವೆ. ಭಾರತ ಹುಣ್ಣಿಮೆಗೆ ಧಾರವಾಡ, ಬೆಳಗಾವಿಯ ರೈತರು ಚಕ್ಕಡಿ ಹೂಡಿಕೊಂಡು ಉಳವಿಗೆ ಬರುತ್ತಾರೆ. ಆ ತಿರುಗಾಟದಲ್ಲಿ ದಾರಿಯ ಊರಿನವರ ಹೆಸರು, ನೀರು ಕೊಟ್ಟವರ ಮನೆ, ಮುಂದಿನ ವರ್ಷದ ಭೇಟಿಯ ಮಾತು ಇರುತ್ತಿತ್ತು. ಜನವರಿಯಲ್ಲಿ ಜೋಯಿಡಾದಲ್ಲಿ ಕುಣಬಿಗಳ ಗೆಡ್ಡೆಗೆಣಸು ಮೇಳ ನಡೆಯುತ್ತದೆ. ಅಣಶಿಗೆ ಹೊರಡುವವರು ಆ ದಿನವನ್ನೇ ಆರಿಸಿಕೊಳ್ಳಬಹುದು. ಚೀಲದಲ್ಲಿ ಚಿಪ್ಸಿನ ಬದಲು ಅವರ ಗೆಣಸು ಇರಲಿ, ಮಾರಿದವರ ಊರು ಯಾವುದು ಎಂದು ಕೇಳಿ. ಆ ಊರು ನಿಮ್ಮ ನಕ್ಷೆಯಲ್ಲಿ ಇಲ್ಲದಿದ್ದರೆ, ಯಾಕಿಲ್ಲ ಎಂದೂ ಕೇಳಿ.