ಫ್ಯೂ, ಎ ಫ್ಯೂ, ಮೆನಿ, ಮಚ್: ಎಲ್ಲಿ ಯಾವುದು?

ಎತ್ತರದಲ್ಲಿ ಕೆಲಸ ಮಾಡುವ ತಂಡಕ್ಕೆ ಸೇಫ್ಟಿ ಬೆಲ್ಟ್ ಸಾಲುತ್ತಿಲ್ಲ. ಸೂಪರ್‌ವೈಸರ್‌ಗೆ ವಾಟ್ಸಾಪ್ ಮಾಡಬೇಕು. ‘ವಿ ಹ್ಯಾವ್ ಎ ಫ್ಯೂ ಬೆಲ್ಟ್ಸ್’ ಅಂತ ಕಳಿಸಿದರೆ ಅವರು ‘ಕೆಲವು ಇವೆಯಲ್ಲ, ಪರವಾಗಿಲ್ಲ’ ಅಂದುಕೊಳ್ಳುತ್ತಾರೆ. ‘ಎ’ ಬಿಟ್ಟು ‘ಫ್ಯೂ ಬೆಲ್ಟ್ಸ್’ ಅಂದರೆ ‘ತೀರಾ ಕಡಿಮೆ ಇವೆ’ ಎಂದರ್ಥ. ಒಂದೇ ಅಕ್ಷರ, ಅರ್ಥ ಪೂರ್ತಿ ಬೇರೆ.

ಗೊಂದಲ ಯಾಕೆ?

ಕನ್ನಡದಲ್ಲಿ ‘ಎಷ್ಟು ಜನ’, ‘ಎಷ್ಟು ನೀರು’ ಎರಡಕ್ಕೂ ‘ಎಷ್ಟು’ ಸಾಕು. ಇಂಗ್ಲಿಷಿನಲ್ಲಿ ಒಂದು, ಎರಡು ಅಂತ ಎಣಿಸುವಂಥದ್ದಕ್ಕೆ ‘ಹೌ ಮೆನಿ’, ಹಾಗೆ ಎಣಿಸದ್ದಕ್ಕೆ ‘ಹೌ ಮಚ್’. ಸುಲಭ ಉಪಾಯ: ಪದದ ಮುಂಚೆ ‘ಕೆಲವು’ ಹಾಕಿ ನೋಡಿ. ‘ಕೆಲವು ಚೀಲ’ ಸರಿ, ಆದ್ದರಿಂದ ಹೌ ಮೆನಿ ಬ್ಯಾಗ್ಸ್. ‘ಕೆಲವು ಸಿಮೆಂಟ್’ ಅಂತ ಯಾರೂ ಹೇಳಲ್ಲ, ಆದ್ದರಿಂದ ಹೌ ಮಚ್ ಸಿಮೆಂಟ್.

ಈ ಉಪಾಯ ಕೆಲವು ಕಡೆ ಕೈಕೊಡುತ್ತದೆ. ಲಗೇಜ್, ಇಕ್ವಿಪ್‌ಮೆಂಟ್, ಫರ್ನಿಚರ್, ಇನ್ಫರ್ಮೇಶನ್ ಇವುಗಳನ್ನು ಇಂಗ್ಲಿಷಿನಲ್ಲಿ ಎಣಿಸುವುದಿಲ್ಲ. ಏರ್‌ಪೋರ್ಟ್‌ನಲ್ಲಿ ‘ಟೂ ಲಗೇಜಸ್’ ಅಲ್ಲ, ‘ಟೂ ಬ್ಯಾಗ್ಸ್’ ಅನ್ನಬೇಕು.

ನೆನಪಿಡಬೇಕಾದ್ದು

• ಮೆನಿ, ಸೆವೆರಲ್, ಫ್ಯೂ, ಎ ಫ್ಯೂ: ಮುಂದಿನ ಪದ ಬಹುವಚನ. ಕನ್ನಡದಲ್ಲಿ ‘ಐದು ಹೆಲ್ಮೆಟ್’ ನಡೆಯುತ್ತದೆ, ಇಂಗ್ಲಿಷಿನಲ್ಲಿ ‘ಫೈವ್ ಹೆಲ್ಮೆಟ್ಸ್’ ಆಗಲೇಬೇಕು.

• ಈಚ್, ಎವ್ರಿ: ಮುಂದಿನ ಪದ ಏಕವಚನ. ‘ಎವ್ರಿ ವರ್ಕರ್’ ಸರಿ, ‘ಎವ್ರಿ ವರ್ಕರ್ಸ್’ ತಪ್ಪು.

• ಲಿಟಲ್, ಎ ಲಿಟಲ್: ಎಣಿಸದ ವಸ್ತುಗಳಿಗೆ. ಇಲ್ಲೂ ‘ಎ’ ಇದ್ದರೆ ಸ್ವಲ್ಪ ಇದೆ, ಇಲ್ಲದಿದ್ದರೆ ಇಲ್ಲವೆನ್ನುವಷ್ಟು ಕಡಿಮೆ.

• ಫ್ಯೂವರ್, ಲೆಸ್: ಜನ ಕಡಿಮೆಯಾದರೆ ‘ಫ್ಯೂವರ್ ವರ್ಕರ್ಸ್’, ನೀರು ಕಡಿಮೆಯಾದರೆ ‘ಲೆಸ್ ವಾಟರ್’. ಹಣ, ಸಮಯ, ದೂರವನ್ನು ಒಟ್ಟು ಮೊತ್ತವಾಗಿ ಹೇಳುವಾಗ ಮಾತ್ರ ಸಂಖ್ಯೆ ಇದ್ದರೂ ‘ಲೆಸ್’: ‘ಲೆಸ್ ದ್ಯಾನ್ 500 ದಿರ್ಹಮ್ಸ್’.

• ಎ ಲಾಟ್ ಆಫ್: ಎರಡಕ್ಕೂ ಸರಿ. ಮೆನಿಯೋ ಮಚ್ಚೋ ಅನುಮಾನ ಬಂದರೆ ಇದನ್ನೇ ಬಳಸಬಹುದು.

• ಕ್ವೈಟ್ ಎ ಫ್ಯೂ: ಕೇಳಲು ಕಡಿಮೆ ಅನಿಸಿದರೂ ಅರ್ಥ ‘ಸಾಕಷ್ಟು’.

ಮಾತಿನಲ್ಲಿ ಬರೀ ‘ಫ್ಯೂ’ ಅನ್ನುವುದಕ್ಕಿಂತ ‘ಓನ್ಲಿ ಎ ಫ್ಯೂ’ ಅಥವಾ ‘ನಾಟ್ ಮೆನಿ’ ಅಂದರೆ ಕೊರತೆ ಇರುವುದು ಸ್ಪಷ್ಟವಾಗುತ್ತದೆ. ಸುರಕ್ಷತೆ, ಔಷಧಿ, ಸಂಬಳದ ವಿಷಯವಾದರೆ ಸಂಖ್ಯೆಯನ್ನೇ ಬರೆಯುವುದು ಒಳ್ಳೆಯದು: ‘ವಿ ನೀಡ್ 12 ಬೆಲ್ಟ್ಸ್. ವಿ ಹ್ಯಾವ್ ಓನ್ಲಿ 4.’ ಇದನ್ನು ಓದಿದ ಮೇಲೆ ಯಾರೂ ‘ಪರವಾಗಿಲ್ಲ’ ಅಂದುಕೊಳ್ಳಲಾರರು.