ತಿಥಿ ತಪ್ಪಿದ ವ್ಯಾಪಾರ: ಕೋವಿಡ್ ಕಾಲದಲ್ಲಿ ಹರಪನಹಳ್ಳಿ–ಕೊಟ್ಟೂರು–ಹಡಗಲಿ ಸೀಮೆಯ ಜಾತ್ರೆ ದುಡಿಮೆ

ಪ್ರವಾಸಿಗರನ್ನೇ ನೆಚ್ಚಿದ ದೇಶಗಳಿಗೆ ಕೋವಿಡ್ ಮಾಡಿದ ಹಾನಿಯನ್ನು ಅಂಕಿಯಲ್ಲಿ ಹೇಳುವುದು ಕಷ್ಟವಲ್ಲ. 2020ರಲ್ಲಿ ಮಾಲ್ದೀವ್ಸ್‌ನ ಒಟ್ಟು ದೇಶೀಯ ಉತ್ಪನ್ನ ಸುಮಾರು ಮೂರನೆಯ ಒಂದು ಪಾಲು ಕುಸಿಯಿತು. ಶ್ರೀಲಂಕಾಕ್ಕೆ 2018ರಲ್ಲಿ 23 ಲಕ್ಷಕ್ಕೂ ಹೆಚ್ಚು ವಿದೇಶಿಯರು ಬಂದಿದ್ದರೆ, 2021ರಲ್ಲಿ ಬಂದವರು ಎರಡು ಲಕ್ಷವನ್ನೂ ಮುಟ್ಟಲಿಲ್ಲ. 2022ರ ಏಪ್ರಿಲ್ 12ರಂದು ಆ ದೇಶ ವಿದೇಶಿ ಸಾಲ ತೀರಿಸುವುದನ್ನೇ ನಿಲ್ಲಿಸಿತು. ಈ ದಿವಾಳಿಗೆ 2019ರ ತೆರಿಗೆ ಕಡಿತ, 2021ರ ರಾಸಾಯನಿಕ ಗೊಬ್ಬರ ನಿಷೇಧಗಳೂ ಕಾರಣವಾಗಿದ್ದವು. ಆದರೂ ದೇಶವೊಂದಕ್ಕೆ ವಿದೇಶಿ ವಿನಿಮಯದ ಲೆಕ್ಕವಿರುತ್ತದೆ, ಕೇಂದ್ರ ಬ್ಯಾಂಕ್ ಇರುತ್ತದೆ, ಸಾಲ ಕೇಳಲು ಅಂತರರಾಷ್ಟ್ರೀಯ ಹಣಕಾಸು ನಿಧಿ ಇರುತ್ತದೆ. ಬಂದುಹೋಗುವ ಜನರನ್ನೇ ನಂಬಿದ ಸೀಮೆಯೊಂದಕ್ಕೆ ಇವು ಯಾವುವೂ ಇಲ್ಲದಿದ್ದರೆ ಅದರ ನಷ್ಟ ಎಲ್ಲಿ ದಾಖಲಾಗುತ್ತದೆ? ಈ ಲೇಖನದ ಪ್ರಶ್ನೆ ಅದು.

ಇಲ್ಲಿ ನೋಡುತ್ತಿರುವುದು ಈಗಿನ ವಿಜಯನಗರ ಜಿಲ್ಲೆಯ ಹರಪನಹಳ್ಳಿ, ಕೊಟ್ಟೂರು, ಹೂವಿನಹಡಗಲಿ ತಾಲ್ಲೂಕುಗಳನ್ನು. ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಿಗಟೇರಿಯಲ್ಲಿ ನಾರದಮುನಿಯ ಗುಡಿಯಿದೆ. ನಾರದನಿಗೆ ನಡೆದುಕೊಳ್ಳುವ ಊರು ನಾಡಿನಲ್ಲಿ ಅಪರೂಪ. ಸುತ್ತಿನಲ್ಲಿ ಉಚ್ಚಂಗಿದುರ್ಗದ ಉಚ್ಚೆಂಗೆಮ್ಮ, ಕೊಟ್ಟೂರಿನ ಗುರು ಬಸವೇಶ್ವರ, ಉಜ್ಜಿನಿಯ ಮರುಳಸಿದ್ಧೇಶ್ವರ, ತುಂಗಭದ್ರೆಯ ದಡದ ಕುರುವತ್ತಿ ಬಸವೇಶ್ವರ, ಭವಿಷ್ಯ ನುಡಿಯುವ ಕಾರ್ಣಿಕಕ್ಕೆ ಹೆಸರಾದ ಮೈಲಾರಲಿಂಗ ಇದ್ದಾರೆ. ಈ ದೇವರುಗಳ ಜಾತ್ರೆಗಳನ್ನು ಒಂದರ ಹಿಂದೊಂದು ಕಾಯ್ದುಕೊಂಡು ಬದುಕುವವರ ಜಾಲವೊಂದು ಇಲ್ಲಿ ಹಿಂದಿನಿಂದಲೂ ಇದೆ. ಬೆಂಡು–ಬೆತ್ತಾಸು, ಮಂಡಕ್ಕಿ–ಮೆಣಸಿನಕಾಯಿಯವರು, ಬಳೆಗಾರರು, ಆಟಿಗೆ ಸಾಮಾನಿನವರು, ತೊಟ್ಟಿಲು ತಿರುಗಿಸುವವರು, ನಾಟಕ ಕಂಪನಿಯವರು, ಹೂವು–ಕಾಯಿ ಮಾರುವವರು, ಗೊರವರು, ಜೋಗತಿಯರು ಎಲ್ಲರೂ ಅದರಲ್ಲಿ ಸೇರುತ್ತಾರೆ.

ಪಂಚಾಂಗವನ್ನೂ ಸರ್ಕಾರದ ಆದೇಶಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದು ನನ್ನ ವಿಧಾನ. ಹಾಗೆ ಓದಿದರೆ ಮೊದಲು ಕಣ್ಣಿಗೆ ಬೀಳುವುದು ಒಂದು ತಾರೀಖು. ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾದದ್ದು 2020ರ ಮಾರ್ಚ್ 24ರ ರಾತ್ರಿ. ಜಾರಿಯ ಮೊದಲ ದಿನ, ಮಾರ್ಚ್ 25, ಯುಗಾದಿ. ಉಚ್ಚಂಗಿದುರ್ಗದಲ್ಲಿ ಯುಗಾದಿ ಎಂದರೆ ಜಾತ್ರೆ. ಅಂದರೆ ಅಂಗಡಿ ಹೂಡಲು ಸಾಮಾನು ತಂದಾಗಿತ್ತು, ಉದ್ರಿ ಬರೆಸಿಯಾಗಿತ್ತು. ಅದಕ್ಕೆ ತಿಂಗಳ ಹಿಂದಷ್ಟೇ, ಮಾಘದಲ್ಲಿ, ಮೈಲಾರ ಮತ್ತು ಕೊಟ್ಟೂರಿನ ಜಾತ್ರೆಗಳು ಎಂದಿನಂತೆ ನಡೆದಿದ್ದವು. ಆ ವ್ಯಾಪಾರದ ದುಡ್ಡು ಕೈಯಲ್ಲಿ ಉಳಿಯುವಂಥದ್ದಲ್ಲ. ಮಾಘದ ಗಳಿಕೆ ಚೈತ್ರದ ಸರಕಾಗುತ್ತದೆ, ಚೈತ್ರದ ಗಳಿಕೆ ವೈಶಾಖದ್ದು.

ಚೈತ್ರ ಹಾಗೆ ಹೋಯಿತು. ವೈಶಾಖದ ಕಥೆ ಇನ್ನೂ ಕಠಿಣ. ಉಜ್ಜಿನಿಯ ರಥೋತ್ಸವ, ಅದರ ಮರುದಿನ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವ ತೈಲಾಭಿಷೇಕ ನಡೆಯುವುದು ಈ ಮಾಸದ ಶುಕ್ಲಪಕ್ಷದಲ್ಲಿ. 2020ರಲ್ಲಿ ವೈಶಾಖ ಏಪ್ರಿಲ್ 24ರಿಂದ ಮೇ 22ರವರೆಗೆ ಇತ್ತು. 2021ರಲ್ಲಿ ಮೇ 12ರಿಂದ ಜೂನ್ 10ರವರೆಗೆ. ಮೊದಲನೆಯದು ದೇಶವ್ಯಾಪಿ ಲಾಕ್‌ಡೌನ್ ಒಳಗೆ, ಎರಡನೆಯದು ಮೇ 10ರಿಂದ ಬಿಗಿಯಾದ ರಾಜ್ಯದ ಲಾಕ್‌ಡೌನ್ ಒಳಗೆ, ಒಂದು ದಿನವೂ ಹೊರಗುಳಿಯದಂತೆ ಪೂರ್ತಿ ಮುಳುಗಿದವು. ನಡುವೆ 2020ರ ಜೂನ್ 8ರಂದು ಗುಡಿಗಳ ಬಾಗಿಲು ತೆರೆದದ್ದು ನಿಜ. ಆದರೆ ಅನುಮತಿ ಸಿಕ್ಕಿದ್ದು ದರ್ಶನಕ್ಕೆ, ಜಾತ್ರೆಗಲ್ಲ. ದರ್ಶನಕ್ಕೆ ಬಂದವನು ಕೈಮುಗಿದು ಹೋಗುತ್ತಾನೆ; ಜಾತ್ರೆಗೆ ಬಂದವನು ರಾತ್ರಿ ಉಳಿಯುತ್ತಾನೆ, ಮಕ್ಕಳಿಗೆ ಪೀಪಿ ಕೊಡಿಸುತ್ತಾನೆ, ಹೆಂಡತಿಗೆ ಬಳೆ ಇಡಿಸುತ್ತಾನೆ, ಊರಿಗೆ ಬೆಂಡು–ಬೆತ್ತಾಸು ಕಟ್ಟಿಸಿಕೊಳ್ಳುತ್ತಾನೆ.

ಇದರಿಂದ ನಾನು ತೆಗೆಯುವ ನಿರ್ಣಯವಿದು: ಇಂಥ ದುಡಿಮೆಯಲ್ಲಿ ಎಷ್ಟು ದಿನ ವ್ಯಾಪಾರ ಕೆಟ್ಟಿತು ಎಂಬುದಕ್ಕಿಂತ ಯಾವ ದಿನ ಕೆಟ್ಟಿತು ಎಂಬುದು ಮುಖ್ಯ. ಪೇಟೆಯ ಅಂಗಡಿ ಎರಡು ತಿಂಗಳು ಮುಚ್ಚಿದರೆ ವರ್ಷದ ಆರನೆಯ ಒಂದು ಪಾಲು ಹೋದಂತೆ. ಜಾತ್ರೆ ವ್ಯಾಪಾರಿಗೆ ಚೈತ್ರ–ವೈಶಾಖ ಹೋದರೆ ಹೋಗುವುದು ಆ ಪಾಲಿಗಿಂತ ಬಹಳ ಹೆಚ್ಚು. ಅದೂ ಮುಂಗಾರಿನ ಹೊಸ್ತಿಲಲ್ಲಿ, ಒಣಭೂಮಿಯ ತುಂಡೊಂದಿದ್ದವರು ಮೆಕ್ಕೆಜೋಳದ ಬೀಜ–ಗೊಬ್ಬರಕ್ಕೆ ದುಡ್ಡು ಹೊಂದಿಸುವ ಹೊತ್ತಿನಲ್ಲಿ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಉದ್ರಿ ಕೊಟ್ಟ ಸಗಟು ಅಂಗಡಿಗೂ ಕೈಗಡ ಕೊಟ್ಟವನಿಗೂ ಆ ಸುತ್ತೋಲೆ ಅನ್ವಯಿಸುವುದಿಲ್ಲ. ಉದ್ರಿಯ ವಾಯಿದೆ ಕೂಡ ಮುಂದಿನ ಜಾತ್ರೆಯೇ ಆಗಿರುವಾಗ, ಜಾತ್ರೆಯಿಲ್ಲದ ವರ್ಷದಲ್ಲಿ ಸಾಲವೂ ತೀರದು, ಹೊಸ ಸರಕೂ ಹುಟ್ಟದು.

ಅದೇ ಜಿಲ್ಲೆಯ ಹಂಪಿಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯಾಗುತ್ತದೆ. ಹಂಪಿಯ ಪೆಟ್ಟು ಸಣ್ಣದೇನಲ್ಲ. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ನೋಡಬೇಕಾದ ತಾಣಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನ ಪಡೆದಿದ್ದ ಊರು ಅದು. 2020ರ ಮಾರ್ಚ್ ಆರಂಭದಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೆ, ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದವು. ಮಾರ್ಚ್ 13ರಿಂದ ಪ್ರವಾಸಿ ವೀಸಾ ಅಮಾನತಾಯಿತು. 17ರಿಂದ ಪುರಾತತ್ವ ಇಲಾಖೆಯ ಸ್ಮಾರಕಗಳು ಮುಚ್ಚಿದವು. ಜುಲೈ 6ರಿಂದ ಸ್ಮಾರಕ ತೆರೆಯಲು ಒಪ್ಪಿಗೆ ಸಿಕ್ಕಿತು, 2021ರ ಏಪ್ರಿಲ್ 16ರಿಂದ ಜೂನ್ 15ರವರೆಗೆ ಮತ್ತೆ ಬೀಗ. ಆಟೊ ಓಡಿಸುವವರು, ಹರಿಗೋಲು ಹಾಕುವವರು, ಗೈಡ್‌ಗಳು ಎಲ್ಲರೂ ಖಾಲಿ ಕೂತರು. ಆದರೆ ವಿಠ್ಠಲ ಗುಡಿಯ ಮುಂದೆ ಟಿಕೆಟ್ ಕೌಂಟರ್ ಇದೆ: ಭಾರತೀಯರಿಗೆ ₹40, ವಿದೇಶಿಯರಿಗೆ ₹600. ಮಾರದೆ ಉಳಿದ ಟಿಕೆಟ್ಟೇ ನಷ್ಟದ ಸಾಕ್ಷಿ. ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಕಾರ್ಣಿಕ ನುಡಿಯಲು ಬಿಲ್ಲೇರುವುದನ್ನು ನೋಡಲು ಟಿಕೆಟ್ ಇಲ್ಲ. ಅಲ್ಲಿಗೆ ಬರುವವರು ಟ್ರ್ಯಾಕ್ಟರ್, ಚಕ್ಕಡಿಗಳಲ್ಲಿ ಬಂದು ಬಯಲಲ್ಲಿ ಅಡುಗೆ ಮಾಡಿ ಅಲ್ಲೇ ಮಲಗುತ್ತಾರೆ. ಲಾಡ್ಜ್ ರಿಜಿಸ್ಟರ್‌ನಲ್ಲಿ ಅವರ ಹೆಸರಿಲ್ಲ. ಧಾರ್ಮಿಕ ಯಾತ್ರೆಯೂ ಪ್ರವಾಸವೇ ಎಂದು ವಿಶ್ವ ಪ್ರವಾಸೋದ್ಯಮ ಸಂಸ್ಥೆಯ ವ್ಯಾಖ್ಯೆ ಒಪ್ಪುತ್ತದೆ. ಎಣಿಸುವ ಕೈ ಮಾತ್ರ ಬಯಲಿಗೆ ಚಾಚುವುದಿಲ್ಲ.

ಎಣಿಕೆಗೆ ಸಿಗದವರು ಪರಿಹಾರಕ್ಕೂ ಸಿಗಲಿಲ್ಲ ಎಂಬುದು ಊಹೆಯ ಮಾತಲ್ಲ, ಆದೇಶಗಳಲ್ಲೇ ಇದೆ. 2020ರ ಮೇ 6ರ ₹1,610 ಕೋಟಿಯ ರಾಜ್ಯ ಪ್ಯಾಕೇಜ್ ಕ್ಷೌರಿಕರಿಗೆ, ಅಗಸರಿಗೆ, ಆಟೊ–ಟ್ಯಾಕ್ಸಿ ಚಾಲಕರಿಗೆ ತಲಾ ₹5,000 ಕೊಟ್ಟಿತು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ ₹25,000, ಒಂದು ಹೆಕ್ಟೇರಿನ ಮಿತಿಯೊಳಗೆ. ಭೌಗೋಳಿಕ ಸೂಚಕ ಪಡೆದ ಹಡಗಲಿ ಮಲ್ಲಿಗೆಯ ನಾಡಿಗೆ ಇದು ಬೇಕಾದ ನೆರವೇ. ಆದರೆ ಪಹಣಿಯಲ್ಲಿ ಹೆಸರಿದ್ದವನು ಬೆಳೆಗಾರ. ನಸುಕಿನಲ್ಲಿ ಮೊಗ್ಗು ಬಿಡಿಸಿ, ದಾರಕ್ಕೆ ಕಟ್ಟಿ, ಮೊಳ ಹಾಕಿ ಗುಡಿಯ ಮುಂದೆ ಮಾರುವ ಹೆಣ್ಣುಮಕ್ಕಳು ಯಾವ ಪಹಣಿಯಲ್ಲೂ ಇಲ್ಲ. 2020ರ ಜೂನ್ 1ರ ಪಿಎಂ ಸ್ವನಿಧಿ ಯೋಜನೆ ಬೀದಿ ವ್ಯಾಪಾರಿಗೆ ₹10,000 ಸಾಲ ಕೊಟ್ಟಿತು. ಅದು ನಿಂತಿರುವುದು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಮೇಲೆ, ಆ ಕಾಯ್ದೆ ನಗರ–ಪಟ್ಟಣಗಳಿಗೆ ಸೇರಿದ್ದು. ಸುತ್ತಲ ಹಳ್ಳಿಯವನಾದರೂ ಪಟ್ಟಣದ ಮಿತಿಯಲ್ಲಿ ಮಾರುವವನಾಗಿರಬೇಕಿತ್ತು. ಕೊಟ್ಟೂರು, ಹರಪನಹಳ್ಳಿಗಳು ಪಟ್ಟಣಗಳು. ಮೈಲಾರ, ಉಜ್ಜಿನಿ, ಉಚ್ಚಂಗಿದುರ್ಗ, ಚಿಗಟೇರಿಗಳು ಗ್ರಾಮ ಪಂಚಾಯಿತಿಗಳು. ಹತ್ತು ಜಾತ್ರೆ ತಿರುಗುವವನು ಯಾವ ಊರಿನ ಬೀದಿ ವ್ಯಾಪಾರಿ? ಎರಡನೆಯ ಅಲೆಯಲ್ಲಿ, 2021ರ ಮೇ 19ರ ₹1,250 ಕೋಟಿಯ ಪ್ಯಾಕೇಜ್ ಬೀದಿ ವ್ಯಾಪಾರಿಗಳಿಗೆ ₹2,000 ಘೋಷಿಸಿದಾಗ, ಆಗಲೇ ನೋಂದಣಿಯಾಗಿದ್ದವರ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡಿತು. ಮೊದಲ ಪಟ್ಟಿಯಲ್ಲಿ ತಪ್ಪಿದವರು ಎರಡನೆಯದರಲ್ಲೂ ತಪ್ಪಿದರು. ಅದೇ ವರ್ಷ ಜೂನ್ 28ರಂದು ಕೇಂದ್ರ ಸರ್ಕಾರ ಪ್ರವಾಸೋದ್ಯಮಕ್ಕೆಂದೇ ಪ್ರಕಟಿಸಿದ ಸಾಲ ಖಾತರಿ ಯೋಜನೆಯಲ್ಲಿ ಪರವಾನಗಿ ಪಡೆದ ಗೈಡ್‌ಗೆ ₹1 ಲಕ್ಷ, ಮಾನ್ಯತೆ ಪಡೆದ ಸಂಸ್ಥೆಗೆ ₹10 ಲಕ್ಷದವರೆಗೆ ಅವಕಾಶವಿತ್ತು. ಹಂಪಿಯ ಗೈಡ್ ಇದರಲ್ಲಿ ಬರುತ್ತಾನೆ, ಮೈಲಾರದ ಬಳೆಗಾರ ಬರುವುದಿಲ್ಲ.

ಕಲಾವಿದರಿಗೆ 2021ರ ಮೇ ತಿಂಗಳ ರಾಜ್ಯ ಪ್ಯಾಕೇಜ್ ₹3,000 ಕೊಟ್ಟಿತು. ಗೊರವನೂ ಜೋಗತಿಯೂ ವೇದಿಕೆಯ ಮೇಲೆ ಕಲಾವಿದರು, ಜಾತ್ರೆಯಲ್ಲಿ ಭಿಕ್ಷೆಯ ಭಕ್ತರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದದ್ದು, ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದದ್ದು ಈ ಕಾಲದಲ್ಲೇ. ಆ ಗೌರವ ದೊಡ್ಡದು. ಆದರೆ ಕಲೆಗೆ ಸಿಕ್ಕ ಮನ್ನಣೆ, ಪಡಲಿಗೆ ಹಿಡಿದು ಜಾತ್ರೆಯಿಂದ ಜಾತ್ರೆಗೆ ನಡೆಯುವವರಿಗೆ ಕಲಾವಿದರೆಂಬ ದಾಖಲೆಯನ್ನು ತಂತಾನೇ ಕೊಡುವುದಿಲ್ಲ.

ಇದಕ್ಕೊಂದು ಆಕ್ಷೇಪ ಬರಬಹುದು: ಇವರಿಗೆ ಉದ್ಯೋಗ ಖಾತ್ರಿ ಇತ್ತಲ್ಲ? ಇತ್ತು. 2020–21ರಲ್ಲಿ ದಿನಕ್ಕೆ ₹275, ಮುಂದಿನ ವರ್ಷ ₹289. ಬೆಂಗಳೂರಿನಿಂದಲೂ ಕಾಫಿ ಸೀಮೆಯಿಂದಲೂ ಗುಳೆ ಹೋದವರು ಹಿಂತಿರುಗಿದಾಗ ಕೆರೆ–ಬದುವಿನ ಕೆಲಸ ಅನೇಕ ಮನೆಗಳ ಒಲೆ ಹೊತ್ತಿಸಿತು ಎಂಬುದನ್ನು ಒಪ್ಪಬೇಕು. ಆದರೆ ಕೂಲಿ ಹೊಟ್ಟೆಗೆ ಆಯಿತೇ ಹೊರತು ಕಳೆದುಹೋದ ಬಂಡವಾಳಕ್ಕೆ ಆಗಲಿಲ್ಲ. ವ್ಯಾಪಾರಿ ಕೂಲಿಯಾದ ಮೇಲೆ ಮರಳಿ ವ್ಯಾಪಾರಿಯಾಗಲು ಬೇಕಾದದ್ದು ಸರಕು ಮತ್ತು ಉದ್ರಿ ಕೊಡುವವನ ನಂಬಿಕೆ. ಮುಂದಿನ ಮಾಘದಲ್ಲಿ, 2021ರಲ್ಲಿ, ಮೈಲಾರದ ಜಾತ್ರೆಯನ್ನು ಹೊರಗಿನ ಭಕ್ತರಿಲ್ಲದ ಆಚರಣೆಗೆ ಸೀಮಿತಗೊಳಿಸಿದಾಗ ಆ ದಾರಿಯೂ ಮುಚ್ಚಿತು.

ಹಾಗಾದರೆ ಜಾತ್ರೆಯ ದುಡಿಮೆ ಸರ್ಕಾರಕ್ಕೆ ಪೂರ್ತಿ ಅಗೋಚರವೇ? ಅಲ್ಲ, ಇಲ್ಲಿಯೇ ವಿಚಿತ್ರ. 1993ರ ಪಂಚಾಯತ್ ರಾಜ್ ಅಧಿನಿಯಮ ಜಾತ್ರೆಗೆ ಬರುವವರಿಂದ ಶುಲ್ಕ, ಸರಕು ಹರವಿಕೊಂಡು ಮಾರುವವರಿಂದ ಮಾರುಕಟ್ಟೆ ಫೀ ಎತ್ತಲು ಗ್ರಾಮ ಪಂಚಾಯಿತಿಗೆ ಅಧಿಕಾರ ಕೊಟ್ಟಿದೆ. ವಸೂಲಿಯ ಹಕ್ಕನ್ನು ಹರಾಜು ಹಾಕುವ ರೂಢಿಯೂ ಇದೆ. ಅಂದರೆ ಅಂಗಡಿ ಹೂಡಿದವನಿಗೆ ರಸೀದಿ ಸಿಗುತ್ತದೆ. ದುಡ್ಡು ಕೊಡುವಾಗ ಅವನು ಕಾನೂನಿನ ಕಣ್ಣಿಗೆ ಕಾಣುತ್ತಾನೆ. ಆ ರಸೀದಿಯನ್ನೇ ಗುರುತಿನ ದಾಖಲೆಯೆಂದು ಒಪ್ಪುವ ಒಂದು ಸಾಲು ಸ್ವನಿಧಿಯ ಮಾರ್ಗಸೂಚಿಯಲ್ಲಿ ಇದ್ದಿದ್ದರೆ ಗ್ರಾಮ–ಪಟ್ಟಣದ ತೊಡಕು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತಿತ್ತು. ಸಂಶೋಧಕರಿಗೂ ಈ ಕಾಗದಗಳೇ ಮುಂದಿನ ಆಕರ. ಮೈಲಾರ, ಉಜ್ಜಿನಿ, ಉಚ್ಚಂಗಿದುರ್ಗ ಪಂಚಾಯಿತಿಗಳ ಜಾತ್ರೆ ವಸೂಲಿ ಪುಸ್ತಕಗಳನ್ನೂ ಮುಜರಾಯಿ ಗುಡಿಗಳ ಕಾಯಿ–ಹರಾಜಿನ ಕಡತಗಳನ್ನೂ 2018–19ರಿಂದ 2022–23ರವರೆಗೆ ಸಾಲಾಗಿಟ್ಟು, ಯಾವ ತಿಥಿಯ ಪುಟ ಖಾಲಿಯಿದೆ, ಜಾತ್ರೆ ಮತ್ತೆ ಕೂಡಿದಾಗ ಹಳೆಯ ಹೆಸರುಗಳಲ್ಲಿ ಎಷ್ಟು ತಿರುಗಿ ಬಂದವು ಎಂದು ನೋಡುವ ಕೆಲಸ ಅಲ್ಲಿಂದ ಶುರುವಾಗಬೇಕು.