ಮಲಬಾರಿನ ತೋಟ

ಏಲಕ್ಕಿಯ ಗಿಡವನ್ನು ಸಸ್ಯಶಾಸ್ತ್ರಜ್ಞರು ‘ಎಲೆಟ್ಟೇರಿಯ’ ಎಂದು ಕರೆಯುವರು. ಶಬ್ದದ ಉಡುಪು ಲ್ಯಾಟಿನ್ನಿನದಾದರೂ ಒಡಲು ಮಲೆಯಾಳದ್ದು. ನಮ್ಮ ‘ಏಲಕ್ಕಿ’ಗೆ ಅದು ಹತ್ತಿರದ ನಂಟು. ಕೇರಳದ ಆಡುಮಾತೊಂದು ಲೋಕದ ವಿದ್ವಾಂಸರ ನಾಲಗೆಯಲ್ಲಿ ನೆಲೆಸಿದ ಬಗೆಯನ್ನರಿಯಲು ನಾವು ಹದಿನೇಳನೆಯ ಶತಮಾನದ ‘ಹೋರ್ಟುಸ್ ಮಲಬಾರಿಕುಸ್’ ಎಂಬ ಗ್ರಂಥದ ಬಳಿಗೆ ಹೋಗಬೇಕು. ‘ಮಲಬಾರಿನ ತೋಟ’ ಎಂಬುದೇ ಆ ಹೆಸರಿನ ಅರ್ಥ.

1663ರಲ್ಲಿ ಡಚ್ಚರು ಪೋರ್ಚುಗೀಸರಿಂದ ಕೊಚ್ಚಿಯನ್ನು ಗೆದ್ದುಕೊಂಡರು. 1670ರಿಂದ 1677ರ ವರೆಗೆ ಅಲ್ಲಿ ಡಚ್ ಕಂಪೆನಿಯ ಅಧಿಕಾರವನ್ನು ನಡೆಸಿದವನು ಹೆಂಡ್ರಿಕ್ ವಾನ್ ರೀಡ್. ಅವನನ್ನು ಪ್ರೇರಿಸಿದುದು ಜ್ಞಾನದಾಹವೊಂದೇ ಅಲ್ಲ. ಯೂರೋಪಿನಿಂದ ತರಿಸುವ ಔಷಧಗಳಿಗೆ ಬದಲಾಗಿ ಸ್ಥಳದ ಮೂಲಿಕೆಗಳು ದೊರೆತರೆ ಕಂಪೆನಿಗೆ ಲಾಭ. ಸಿಂಹಳಕ್ಕಿಂತ ಮಲಬಾರು ಕೀಳಲ್ಲವೆಂದು ತನ್ನ ಮೇಲಿನವರಿಗೆ ತೋರಿಸಿಕೊಡುವ ಹಟವೂ ಅವನಿಗಿದ್ದಿತು.

ಆದರೆ ಈ ಕಾರ್ಯವು ಒಬ್ಬನಿಂದ ಆಗತಕ್ಕದ್ದಾಗಿರಲಿಲ್ಲ. ಈಳವ ಕುಲದ ವೈದ್ಯ ಇಟ್ಟಿ ಅಚ್ಯುತನು ಮನೆತನದಲ್ಲಿ ಬಂದ ವಿದ್ಯೆಯ ಬಲದಿಂದ ಗಿಡಗಳ ಹೆಸರನ್ನೂ ಗುಣವನ್ನೂ ತಿಳಿಸಿದನು. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರು ಸಂಸ್ಕೃತ ನಿಘಂಟುವಿನ ಆಧಾರದಿಂದ ನೆರವಾದರು. ಮಲೆಯಾಳದಲ್ಲಿ ಹೇಳಿದುದನ್ನು ದುಭಾಷಿ ಇಮ್ಮಾನುವೆಲ್ ಕಾರ್ನೇರೊ ಪೋರ್ಚುಗೀಸಿಗೆ ತಂದನು. ಅಲ್ಲಿಂದ ಅದು ಲ್ಯಾಟಿನ್ನಿಗೆ ಸಾಗಿತು. ಇಟಲಿಯ ಪಾದ್ರಿ ಮತ್ತಾಯನೂ ಡಚ್ ಪಾದ್ರಿ ಕಸೇರಿಯಸನೂ ಇದರಲ್ಲಿ ದುಡಿದರು. 1678ರಿಂದ 1693ರ ವರೆಗೆ ಆಂಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳು ಹೊರಬಂದವು. ಅವುಗಳಲ್ಲಿ ವಿವರಿಸಿರುವ ಗಿಡಗಳು 742. ಕೊನೆಯ ಸಂಪುಟವನ್ನು ಕಾಣುವ ಭಾಗ್ಯ ವಾನ್ ರೀಡನಿಗಿರಲಿಲ್ಲ. ಅವನು 1691ರಲ್ಲಿಯೇ ತೀರಿಕೊಂಡಿದ್ದನು.

1753ರಲ್ಲಿ ಸ್ವೀಡನ್ನಿನ ಲಿನೇಯಸನು ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರನ್ನು ಗೊತ್ತುಮಾಡಿದಾಗ, ಆತನು ಎಂದೂ ಕಾಣದಿದ್ದ ಕೇರಳದ ಗಿಡಗಳಿಗೆ ಈ ಚಿತ್ರಗಳೇ ಕಣ್ಣಾದುವು. ಇಂದಿಗೂ ಹಲವು ಸಸ್ಯನಾಮಗಳ ವಿಷಯದಲ್ಲಿ ಸಂದೇಹ ಹುಟ್ಟಿದರೆ ತೀರ್ಪು ಹೇಳುವ ಪ್ರಮಾಣವಸ್ತು ಒಣಗಿಸಿಟ್ಟ ಗಿಡವಲ್ಲ, ಈ ಗ್ರಂಥದ ಚಿತ್ರ. ಕಾಡಿನಲ್ಲಿ ಉಳಿದಿರುವುದು ಯಾವುದು, ಅಳಿಯುತ್ತಿರುವುದು ಯಾವುದು ಎಂದು ಎಣಿಸುವವನಿಗೆ ಮೊದಲು ಹೆಸರು ಸರಿಯಾಗಿರಬೇಕಷ್ಟೆ.

ಇಲ್ಲಿ ನಾವು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಇದು ಸಹಕಾರವೋ, ಅಪಹಾರವೋ? ಗ್ರಂಥದ ಮೊದಲ ಸಂಪುಟದಲ್ಲಿ ವೈದ್ಯರ ಪ್ರಮಾಣಪತ್ರಗಳು ಅವರವರ ಲಿಪಿಯಲ್ಲಿಯೇ ಅಚ್ಚಾಗಿವೆ. ಅಚ್ಯುತನದು ಮಲೆಯಾಳದಲ್ಲಿ, ಭಟ್ಟರದು ನಾಗರಿಯಲ್ಲಿ. ಆ ಕಾಲಕ್ಕೆ ಇದು ಅಪೂರ್ವವಾದ ಪ್ರಾಮಾಣಿಕತೆ. ಆದರೆ ಅಪ್ಪಣೆ ಕಂಪೆನಿಯದು, ಭಾಷೆ ಲ್ಯಾಟಿನ್, ಫಲ ಯೂರೋಪಿನದು. ವಿದ್ಯೆಯನ್ನು ಕೊಟ್ಟ ನಾಡಿಗೆ ಗ್ರಂಥವು ಮುಚ್ಚಿದ ಬಾಗಿಲಾಗಿಯೇ ಉಳಿಯಿತು.

ಆ ಬಾಗಿಲನ್ನು ತೆರೆದವರು ಕಲ್ಲಿಕೋಟೆಯ ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲ್. ದಶಕಗಳ ದುಡಿಮೆಯ ಫಲವಾಗಿ ಅವರ ಇಂಗ್ಲಿಷ್ ಅನುವಾದವು 2003ರಲ್ಲಿಯೂ ಮಲೆಯಾಳದ ಅನುವಾದವು 2008ರಲ್ಲಿಯೂ ಕೇರಳ ವಿಶ್ವವಿದ್ಯಾನಿಲಯದಿಂದ ಪ್ರಕಟವಾದುವು. ಅಚ್ಯುತನ ಮಾತು ಅವನ ನುಡಿಗೆ ಮರಳಲು, ಮೊದಲ ಸಂಪುಟದಿಂದ ಲೆಕ್ಕ ಹಾಕಿದರೆ, 330 ವರ್ಷ ಹಿಡಿಯಿತು.

ಜೀವವೈವಿಧ್ಯವನ್ನು ಕುರಿತ 1992ರ ಅಂತರರಾಷ್ಟ್ರೀಯ ಒಪ್ಪಂದವೂ 2010ರ ನಗೋಯಾ ಒಡಂಬಡಿಕೆಯೂ ಒಂದು ತತ್ತ್ವವನ್ನು ಸಾರುತ್ತವೆ: ಸಸ್ಯಸಂಪತ್ತನ್ನು ಬಳಸುವವರು ಅದರಿಂದಾದ ಲಾಭವನ್ನು ಅದನ್ನಿತ್ತವರೊಡನೆ ನ್ಯಾಯವಾಗಿ ಹಂಚಿಕೊಳ್ಳಬೇಕು. ವಾನ್ ರೀಡನು ಈ ಧರ್ಮದ ಅರ್ಧವನ್ನು ಪಾಲಿಸಿದನು; ಹೆಸರನ್ನು ಬರೆದಿಟ್ಟನು. ಉಳಿದರ್ಧವಾದ ಫಲದ ಹಂಚಿಕೆಯು ನಡೆದಾಗಲೇ ದೇಶದೇಶಗಳ ವಿದ್ವಾಂಸರು ಕೂಡಿ ಮಾಡುವ ಕೆಲಸವು ಸಹಕಾರವೆಂಬ ಹೆಸರಿಗೆ ತಕ್ಕದ್ದಾಗುವುದು.